ಹೊಸದುರ್ಗದ ಆರನೆಯ ಕಂಪ್ಯೂಟರ್

ಹಿರಿಯೂರಿನ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ರಮ್ಯಾ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ನಾಲ್ಕು ವರ್ಷವಾಯಿತು. ಹೊಸ ಕಂಪ್ಯೂಟರನ್ನು ಅದು ಬಂದ ಹಾಗೆಯೇ ಅವಳು ಗಿರಾಕಿಯ ಕೈಗೆ ಕೊಡುವುದಿಲ್ಲ. ತಯಾರಿಸಿದವರು ಆಪರೇಟಿಂಗ್ ಸಿಸ್ಟಮ್ ಜೊತೆಗೆ ತಮಗೆ ತೋಚಿದ್ದನ್ನೆಲ್ಲ ಅದರೊಳಗೆ ತುಂಬಿ ಕಳಿಸಿರುತ್ತಾರಂತೆ. ಒಂದು ತಿಂಗಳಾದ ಮೇಲೆ ಹಣ ಕೇಳುವ ವೈರಸ್ ಕಾವಲುಗಾರ, ಮೂಲೆಯಿಂದ ಇಣುಕಿ ಇಣುಕಿ ಮಾತಾಡಿಸುವ ಸಹಾಯಕ, ಯಾರೂ ಆಡದ ಆಟಗಳು. ಅವಳು ಎಲ್ಲವನ್ನೂ ಅಳಿಸಿ, ಬರೀ ಸಿಸ್ಟಮ್ ಒಂದನ್ನೇ ಹೊಸದಾಗಿ ಹಾಕಿ, ಬೇಕಾದ್ದನ್ನು ಮಾತ್ರ ಆಮೇಲೆ ಸೇರಿಸುತ್ತಾಳೆ. "ಹೊಸ ಪಾತ್ರೆ ಅಂತ ತೊಳೀದೇ ಒಲೆ ಮೇಲೆ ಇಡ್ತೀವಾ ಪಾರ್ವತಮ್ಮಾರೆ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು.

ಹೊಸದುರ್ಗದಲ್ಲಿ ತೆಂಗು ಬೆಳೆಗಾರರ ಸಂಘವೊಂದಿದೆ. ಹೊಳಲ್ಕೆರೆಯಲ್ಲೂ ಚಿತ್ರದುರ್ಗದಲ್ಲೂ ಅದಕ್ಕೆ ಶಾಖೆಗಳಿವೆ. ಆ ಸಂಘ ಆರು ಹೊಸ ಕಂಪ್ಯೂಟರ್ ತರಿಸುತ್ತಿತ್ತು. ಅವನ್ನು ಶುಚಿ ಮಾಡಿ ಸಿದ್ಧಪಡಿಸಿ ಕೊಟ್ಟರೆ ಮೂರೂ ಕಡೆಯ ಒಂದು ವರ್ಷದ ಮೇಲ್ವಿಚಾರಣೆ ರಮ್ಯಾಳಿಗೆ ಎಂದು ಮಾತಾಗಿತ್ತು. ಅಂಗಡಿ ತೆರೆದಂದಿನಿಂದ ಅವಳಿಗೆ ಸಿಕ್ಕ ದೊಡ್ಡ ಕೆಲಸ ಅದೇ. ಮಗು ಹುಟ್ಟುವುದರೊಳಗೆ ಮುಗಿಸುವ ಲೆಕ್ಕಾಚಾರ ಅವಳದು. ಆದರೆ ಮಗು ಮೂರು ವಾರ ಮೊದಲೇ ಹುಟ್ಟಿತು, ಕಂಪ್ಯೂಟರುಗಳು ಎರಡು ವಾರ ತಡವಾಗಿ ಬಂದವು.

ಸಂಘದ ಕಾರ್ಯದರ್ಶಿ ರಾಜಶೇಖರ್ ಒಂದು ಗುರುವಾರ ಅಂಗಡಿಯ ನಂಬರಿಗೆ ಫೋನ್ ಮಾಡಿದರು. ಅಂಗಡಿ ಮುಚ್ಚಿದ್ದರಿಂದ ನಾನೇ ಎತ್ತಿದೆ.

"ಸೋಮವಾರ ಬೆಂಬಲ ಬೆಲೆಗೆ ಕೊಬ್ಬರಿ ಮಾರೋರ ನೋಂದಣಿ ಶುರು ಐತಮ್ಮ. ಶನಿವಾರ ಸಂಜೆಗೆ ಮಿಷನ್ ರೆಡಿ ಆಗ್ಬೇಕು. ಬಾಣಂತಿ ಬರಾಕಾಗಲ್ಲ ಅಂದ್ರೆ ಹೇಳ್ರಿ, ಬೇಜಾರಿಲ್ಲ. ಚಿತ್ರದುರ್ಗದ ಅಂಗಡಿಯೋರು ನಾಳೇನೇ ಬರ್ತೀವಿ ಅಂತವ್ರೆ."

"ಶನಿವಾರ ಬರ್ತೀವಿ" ಎಂದುಬಿಟ್ಟೆ. ಯಾರು ಬರುತ್ತಾರೆ ಎಂದು ಅವರು ಕೇಳಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆದಿವಾಲಕ್ಕೆ ಹೋದೆ. ರಮ್ಯಾಳ ತವರು ಅಲ್ಲೇ. ಬಾಣಂತನದ ಆಡಳಿತವೆಲ್ಲ ಅವಳ ಅಜ್ಜಿ ಹೊನ್ನಕ್ಕನದು. ನನಗಿಂತ ಆರೇಳು ವರ್ಷ ದೊಡ್ಡವಳು, ಗಟ್ಟಿ ಹೆಂಗಸು. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಮ್ಯಾ ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ಹದಿನಾರನೆಯ ದಿನ.

"ನೀವು ಯಾಕೆ ಹೋಗಬಾರದು?" ಎಂದಳು ರಮ್ಯಾ, ನಾನು ವಿಷಯ ಹೇಳಿ ಮುಗಿಸುವ ಮೊದಲೇ. "ನಾನು ಫೋನಿನಾಗೆ ಹೇಳ್ತೀನಿ, ನೀವು ಮಾಡಿ. ವಿಡಿಯೊ ಕಾಲ್ ಹಾಕಿದ್ರೆ ಪರದೆ ನಂಗೂ ಕಾಣ್ತೈತೆ."

"ಪರದೆ ಗಿರದೆ ಏನೂ ಇಲ್ಲ" ಎಂದಳು ಹೊನ್ನಕ್ಕ, ಸಾಂಬ್ರಾಣಿ ಹೊಗೆ ಹಾಕುತ್ತಿದ್ದವಳು. "ನಲವತ್ತು ದಿನ ಕಣ್ಣಿಗೆ ಆ ಬೆಳಕು ತಾಕಂಗಿಲ್ಲ. ಮುಂದೆ ಕಣ್ಣು ಮಂಜಾದ್ರೆ ನಿನ್ ಕಂಪ್ಯೂಟರ್ ಬಂದು ನೋಡ್ಕಂತೈತಾ?"

"ಅಜ್ಜಿ, ಬರೀ ಮಾತಾಡಾದು?"

ಹೊನ್ನಕ್ಕ ಸಾಂಬ್ರಾಣಿ ತಟ್ಟೆ ಕೆಳಗಿಟ್ಟಳು. "ಮಾತಾಡು. ಫೋನು ಕಿವಿಗೆ ಹಿಡಿಯಂಗಿಲ್ಲ. ನಾನು ಹಿಡ್ಕಂತೀನಿ, ನೀನು ದೂರದಿಂದ ಹೇಳು. ಮಗು ಹಾಲು ಕುಡಿದ ಮೇಲೆ ಅರ್ಧ ಗಂಟೆ, ಅಷ್ಟೇಯ."

ನಾನು ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಆಪರೇಟರಾಗಿದ್ದವಳು. ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಹೇಳುವುದು, ಕಂಡ ಅಂಕಿಯನ್ನು ಬಿಡಿಸಿ ಓದುವುದು ನನಗೆ ಬರುತ್ತದೆ. ಅಷ್ಟರ ಮೇಲೆ ಧೈರ್ಯ ಮಾಡಿದೆ. ರಮ್ಯಾ ಎರಡು ಪೆನ್‌ಡ್ರೈವ್ ಕೊಟ್ಟಳು. ಕೆಂಪು ದಾರ ಕಟ್ಟಿದ್ದರಲ್ಲಿ ಸಿಸ್ಟಮ್, ದಾರವಿಲ್ಲದ್ದರಲ್ಲಿ ಉಳಿದ ಸಾಮಾನು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೊಸದುರ್ಗದಲ್ಲಿದ್ದೆ. ಸಂಘದ ಗುಮಾಸ್ತ ಮಂಜಣ್ಣ ಬಾಗಿಲು ತೆಗೆದು ಕಾಯುತ್ತಿದ್ದರು. ದಿನಾ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುವ ಐವತ್ತರ ಆಸುಪಾಸಿನ ಮನುಷ್ಯ. ನನ್ನನ್ನು ನೋಡಿ ಬಾಗಿಲ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಇಣುಕಿದರು. ಯಾರೂ ಬರಲಿಲ್ಲ. "ಕುಂತ್ಕಳ್ರಿ ಅಮ್ಮ" ಎಂದು ಮರದ ಕುರ್ಚಿಯ ಮೇಲೆ ತಮ್ಮ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು.

"ಹಾಲ್‌ನಾಗೆ ಐದು ಅವೆ. ಇನ್ನೊಂದು ನನ್ನ ರೂಮಿನಾಗೈತೆ. ನಾನು ಬಾಗೂರಿಗೆ ಹೋಗಿ ಉಳಿದ ಅರ್ಜಿ ಇಸ್ಕಂಡು ನಾಕು ಗಂಟಿಗೆ ಬರ್ತೀನಿ" ಎಂದು ಹೇಳಿ ಹೊರಟರು.

ಮೊದಲನೆಯದರ ಪ್ಲಾಸ್ಟಿಕ್ ಹರಿದು, ವೈರು ಸಿಕ್ಕಿಸಿ, ಆದಿವಾಲಕ್ಕೆ ಫೋನ್ ಮಾಡಿದೆ.

"ಮೊದಲು ಹಂಗೇ ಆನ್ ಮಾಡಿ" ಎಂದು ರಮ್ಯಾಳ ದನಿ ದೂರದಿಂದ ಕೇಳಿತು. "ಯಾವ ದೇಶ, ಯಾವ ಭಾಷೆ ಅಂತ ಕೇಳ್ತೈತಾ, ಇಲ್ಲಾ ಸೀದಾ ಒಳಗೆ ಹೋಗ್ತೈತಾ?"

"ದೇಶ ಕೇಳುತ್ತಿದೆ."

"ಹಂಗಾದ್ರೆ ಯಾರೂ ಮುಟ್ಟಿಲ್ಲ. ಸೀದಾ ಒಳಗೆ ಹೋದ್ರೆ ಯಾರೋ ಬಳಸ್ಯಾರೆ ಅಂತ ಅರ್ಥ, ಆಗ ನಿಲ್ಲಿಸಬೇಕು. ಈಗ ಆಫ್ ಮಾಡಿ. ಕೆಂಪು ದಾರದ್ದು ಚುಚ್ಚಿ. ಮತ್ತೆ ಆನ್ ಮಾಡಿ ಎಫ್ ಹನ್ನೆರಡು ಒತ್ತುತಾನೇ ಇರಿ."

"ಎಷ್ಟು ಸಲ?"

"ಲೆಕ್ಕ ಇಲ್ಲ."

"ಕೋಳಿ ಕಾಳು ಕುಕ್ಕಿದಂಗೆ ಕುಕ್ರಿ" ಎಂದಳು ಹೊನ್ನಕ್ಕ.

ಕುಕ್ಕಿದೆ. ನೀಲಿ ಪರದೆ ಬಂತು. ಭಾಷೆ ಆರಿಸಿದೆ. ಲೈಸೆನ್ಸ್ ನಂಬರು ಎಲ್ಲಿಂದ ತರುವುದು ಎಂದು ನನಗೆ ಹೆದರಿಕೆಯಿತ್ತು. ಅದು ಒಳಗಿನ ಬೋರ್ಡಿನಲ್ಲೇ ಬರೆದಿರುತ್ತದೆ, ಎಷ್ಟು ಸಲ ಅಳಿಸಿ ಹಾಕಿದರೂ ತಾನೇ ಗುರುತು ಹಿಡಿಯುತ್ತದೆ ಎಂದಳು ರಮ್ಯಾ. ಆಮೇಲೆ ಡಿಸ್ಕಿನ ಪಟ್ಟಿ ಬರಬೇಕಾದ ಕಡೆ ಖಾಲಿ ಪೆಟ್ಟಿಗೆ ಬಂತು.

"ಏನೂ ಇಲ್ಲ ರಮ್ಯಾ. ಬಿಳಿ."

"ಹೆದರಬ್ಯಾಡಿ. ಡಿಸ್ಕ್ ಐತೆ, ಇದಕ್ಕೆ ಕಾಣ್ತಿಲ್ಲ. ಎರಡನೇ ಪೆನ್‌ಡ್ರೈವ್ ಚುಚ್ಚಿ. ಲೋಡ್ ಡ್ರೈವರ್ ಅಂತ ಕೆಳಗೆ ಇರ್ತೈತೆ, ಒತ್ತಿ."

ಒತ್ತಿದ ಮೇಲೆ ಡಿಸ್ಕಿನ ನಾಲ್ಕು ಭಾಗಗಳು ನಾಲ್ಕು ಗೆರೆಯಾಗಿ ಕಾಣಿಸಿದವು. ನಾಲ್ಕನ್ನೂ ಅಳಿಸಿ ಎಂದಳು ರಮ್ಯಾ. ನಾನು ಒಂದೊಂದನ್ನೂ ಎರಡು ಸಲ ಓದಿ ಹೇಳಿ ಅಳಿಸಿದೆ. ಎಲ್ಲ ಹೋಗಿ ಒಂದೇ ಗೆರೆ ಉಳಿಯಿತು. ಮುಂದಕ್ಕೆ ಒತ್ತಿದೆ. ಅದು ತಾನೇ ಕೆಲಸ ಶುರು ಮಾಡಿತು. ಮಧ್ಯೆ ಆರಿ ಹತ್ತುವಾಗ ಎಫ್ ಹನ್ನೆರಡು ಮುಟ್ಟಬೇಡಿ, ಮುಟ್ಟಿದರೆ ಮೊದಲಿನಿಂದ ಶುರುವಾಗುತ್ತದೆ ಎಂದು ಹೇಳುವಷ್ಟರಲ್ಲಿ ಹೊನ್ನಕ್ಕ, "ಅರ್ಧ ಗಂಟೆ ಆತು" ಎಂದು ಫೋನಿಟ್ಟಳು.

ಹೀಗೆಯೇ ನಡೆಯಿತು. ಮೂರನೆಯದರ ಹೊತ್ತಿಗೆ ಹೊನ್ನಕ್ಕ ರಮ್ಯಾಳಿಗಿಂತ ಮುಂದೆ ಮುಂದೆ ಹೇಳತೊಡಗಿದಳು. "ಈಗ ಬಿಳೇ ಪೆಟ್ಟಿಗೆ ಬರ್ತೈತೆ ನೋಡ್ರಿ ಟೆಲಿಫೋನಮ್ಮ, ಎರಡನೇದು ಚುಚ್ಚಿ." ರಮ್ಯಾ ನಗುವುದು ಕೇಳಿಸುತ್ತಿತ್ತು. ಮಧ್ಯಾಹ್ನ ರಾಜಶೇಖರ್ ಒಮ್ಮೆ ಬಂದು, ಸಾಲಾಗಿ ಉರಿಯುತ್ತಿದ್ದ ಪರದೆಗಳನ್ನು ನೋಡಿ, "ಪರವಾಗಿಲ್ಲವಲ್ಲಮ್ಮ, ಈ ವಯಸ್ಸಿನಾಗೆ" ಎಂದು ಹೇಳಿ ಹೋದರು. ಐದರಲ್ಲೂ ಕನ್ನಡ ಟೈಪಿಂಗಿನ ಸಾಫ್ಟ್‌ವೇರ್ ಹಾಕಿದೆ. ಲೈಸೆನ್ಸ್ ಸರಿಯಿದೆ ಎಂಬ ಸಾಲನ್ನು ಐದರಲ್ಲೂ ಓದಿ ಹೇಳಿದೆ.

ಆರನೆಯದಕ್ಕೆ ಫೋನ್ ಮಾಡಿದಾಗ ಎರಡೂಮುಕ್ಕಾಲು. ಹೊನ್ನಕ್ಕ ದನಿ ತಗ್ಗಿಸಿ ಮಾತಾಡಿದಳು.

"ರಾತ್ರಿ ಮಗು ಕಣ್ಣು ಮುಚ್ಚಾಕೆ ಬಿಟ್ಟಿಲ್ಲ. ಈಗ ಇಬ್ಬರೂ ಮಲಗ್ಯಾರೆ. ಎಬ್ಬಿಸ್ಲಾ?"

"ಬೇಡ ಬೇಡ, ಮಲಗಲಿ" ಎಂದೆ.

"ನಂಗೆಲ್ಲ ಬಾಯಿಪಾಠ ಆಗೈತೆ. ನಾನೇ ಹೇಳ್ತೀನಿ. ಕೆಂಪು ದಾರದ್ದು ಚುಚ್ರಿ, ಆನ್ ಮಾಡಿ ಕೋಳಿಯಂಗೆ ಕುಕ್ರಿ."

ಆರನೆಯ ಕಂಪ್ಯೂಟರ್ ಮಂಜಣ್ಣನವರ ಕೋಣೆಯಲ್ಲಿತ್ತು. ಅದಕ್ಕೆ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಮೇಲೆ ಸೇವಂತಿಗೆ ಹೂವು ಇಟ್ಟಿದ್ದರು. ಹೂವು ಬಾಡಿತ್ತು. ಸೊಗಸಾಗಿ ಪೂಜೆ ಮಾಡಿದ್ದಾರೆ ಎಂದುಕೊಂಡೆ. ಹೂವನ್ನು ಪಕ್ಕಕ್ಕಿಟ್ಟು ಕುಕ್ಕಿದೆ. ಹೊನ್ನಕ್ಕ ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಬಿಳಿ ಪೆಟ್ಟಿಗೆ, ಎರಡನೆಯ ಪೆನ್‌ಡ್ರೈವ್, ನಾಲ್ಕು ಗೆರೆ. ನಾಲ್ಕನ್ನೂ ಅಳಿಸಿದೆ. ಅವಳು ಮಾಡುವುದನ್ನು ಕಲಿತಿದ್ದಳು. ಮಾಡುವ ಮೊದಲು ರಮ್ಯಾ ಪ್ರತಿಸಲ ಕೇಳುತ್ತಿದ್ದ, ದೇಶ ಕೇಳುತ್ತದೋ ಸೀದಾ ಒಳಗೆ ಹೋಗುತ್ತದೋ ಎಂಬ ಪ್ರಶ್ನೆ ಅವಳ ಬಾಯಿಪಾಠದಲ್ಲಿ ಇರಲಿಲ್ಲ. ಐದು ಸಲ ಅದಕ್ಕೆ ಉತ್ತರ ಹೇಳಿದ್ದ ನನಗೂ ಅದು ನೆನಪಾಗಲಿಲ್ಲ.

ನಾಲ್ಕಕ್ಕೆ ಮಂಜಣ್ಣ ಬಂದರು. ಬಗಲಲ್ಲಿ ಅರ್ಜಿಗಳ ಕಟ್ಟು, ಕೈಯಲ್ಲಿ ನನಗೆಂದು ಎರಡು ಎಳನೀರು. ಕೋಣೆಗೆ ಹೋದವರು ಸ್ವಲ್ಪ ಹೊತ್ತು ಆಚೆ ಬರಲಿಲ್ಲ. ನಾನೇ ಹೋಗಿ ನೋಡಿದೆ. ಖಾಲಿ ನೀಲಿ ಪರದೆಯ ಮುಂದೆ ನಿಂತಿದ್ದರು.

"ಇದರಾಗೆ ನನ್ನ ಪಟ್ಟಿ ಇತ್ತಲ್ಲಮ್ಮ" ಎಂದರು.

ಬುಧವಾರ ಒಳ್ಳೆಯ ದಿನವೆಂದು ಅದಕ್ಕೆ ಪೂಜೆ ಮಾಡಿದ್ದರು. ಪೂಜೆಯಾದ ಯಂತ್ರ ಅಂದು ಸುಮ್ಮನೆ ಕೂರಬಾರದು, ಅದರಲ್ಲಿ ಒಂದಿಷ್ಟು ಕೆಲಸವಾಗಬೇಕು ಎಂಬ ಪದ್ಧತಿ. ಹಾಗಾಗಿ ಅಂದೇ ಬೆಳೆಗಾರರ ಹೆಸರು, ಸರ್ವೆ ನಂಬರು, ಫೋನ್ ನಂಬರುಗಳ ಪಟ್ಟಿ ಶುರು ಮಾಡಿದ್ದರು. ಶುರು ಮಾಡಿದ್ದು ಮೂರು ದಿನ ಮುಂದುವರಿಯಿತು. ಆಗಷ್ಟೇ ತಂದ ಬಾಗೂರಿನ ಅರ್ಜಿಗಳೂ ಸೇರಿದರೆ ಒಟ್ಟು ಮುನ್ನೂರ ಹನ್ನೆರಡು ಜನ. ಸೋಮವಾರದ ನೋಂದಣಿಗೆ ಬೇಕಾದದ್ದು ಅದೇ ಪಟ್ಟಿ.

ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಮಂಜಣ್ಣ ಎಳನೀರು ಕೆತ್ತಿ ಕೈಗೆ ಕೊಟ್ಟರು. ತಮಗೆಂದು ಒಂದನ್ನೂ ತೆಗೆದುಕೊಳ್ಳಲಿಲ್ಲ.

"ಕುಡೀರಿ. ಆರೂ ಖಾಲಿ ಮಿಷನ್ ಅಂತ ನೀವು ಅಂದ್ಕಂಡ್ರಿ. ಹೇಳದೇ ಹೋದೋನು ನಾನು. ಸೆಕ್ರೆಟ್ರಿಗೆ ನಾನು ಹೇಳ್ತೀನಿ, ಪಟ್ಟಿ ಇನ್ನೂ ಶುರು ಮಾಡಿಲ್ಲ ಅಂತ. ಬೈತಾರೆ. ಬೈಯದು ಹೊಸದೇನಲ್ಲ. ಆ ಹುಡುಗಿ ಕೆಲಸ ಹೋಗಬಾರದು."

ಅದು ಒಳ್ಳೆಯ ಉಪಾಯವೆಂದು ನನಗೆ ಅನ್ನಿಸಿದ್ದು ನಿಜ. ಎಪ್ಪತ್ತೆರಡು ವರ್ಷದವಳಾಗಿ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಅರ್ಧ ಎಳನೀರು ಮುಗಿಯುವವರೆಗೂ ನಾನು ಬೇಡ ಎನ್ನಲಿಲ್ಲ. ಆಮೇಲೆ ರಮ್ಯಾಳನ್ನು ಎಬ್ಬಿಸಲು ಹೊನ್ನಕ್ಕನಿಗೆ ಹೇಳಿದೆ.

ನಡೆದದ್ದನ್ನೆಲ್ಲ ಹೇಳಿ ಮುಗಿಸಿದೆ. ರಮ್ಯಾ ಮೊದಲು, "ನೀವು ಮಧ್ಯಾಹ್ನ ಊಟ ಮಾಡಿದ್ರಾ?" ಎಂದು ಕೇಳಿದಳು.

"ಆಯ್ತು ಕಣೆ. ಪಟ್ಟಿ ವಾಪಸ್ ಬರುತ್ತಾ?"

"ಇಲ್ಲ. ಈ ಡಿಸ್ಕಿನಾಗೆ ಹೋದ್ರೆ ಹೋತು. ಸೆಕ್ರೆಟರಿನ ಕರೀರಿ. ಫೋನ್ ಜೋರು ಮಾಡಿ ಇಡಿ."

"ಮಂಜಣ್ಣ ಬೇರೆ ಒಂದು ಮಾತು ಹೇಳ್ತಿದ್ದಾರೆ" ಎಂದು ಅವರ ಉಪಾಯ ಹೇಳಿದೆ.

"ಬ್ಯಾಡ" ಎಂದಳು. "ನಾಳೆ ನಾನು ಅವರ ಎಲ್ಲಾ ಮಿಷನ್ ನೋಡ್ಕಳೋಳು. ಮೊದಲನೇ ದಿನಾನೇ ಸುಳ್ಳು ಹೇಳಿ ಹೆಂಗೆ ನೋಡ್ಕಳ್ಲಿ?"

ರಾಜಶೇಖರ್ ಬಂದರು. ನಾನು ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಮನೆ ಗುಡಿಸ್ರಿ ಅಂದ್ರೆ ಕಣಜಾನೂ ಗುಡಿಸಿ ಹಾಕಿದ್ರಲ್ಲಮ್ಮ" ಎಂದರು.

"ಸರ್, ಪಾರ್ವತಮ್ಮಾರಿಗೆ ಏನೂ ಅನ್ನಬ್ಯಾಡಿ" ಎಂದು ಫೋನಿನಿಂದ ರಮ್ಯಾ. "ಕೆಲಸ ನನ್ನ ಹೆಸರಿನಾಗೈತೆ. ಕೇಳಬೇಕಾದ್ದು ನಾನು. ಕೇಳೋ ಹೊತ್ತಿಗೆ ಮಲಗಿದ್ದೆ."

"ಮಲಗಿದ್ರೆ ಕೆಲಸ ಯಾರು ಮಾಡಿದ್ದು?"

"ನಾನಪ್ಪ" ಎಂದಳು ಹೊನ್ನಕ್ಕ. "ನಾನು ಹೊನ್ನಕ್ಕ, ಅವಳ ಅಜ್ಜಿ. ಹೇಳಿಕೊಟ್ಟೋಳು ನಾನು. ಬಾಣಂತಿ ಬೈಸ್ಕಂಡ್ರೆ ಹಾಲು ಬತ್ತುತೈತೆ. ಬೈಯಂಗಿದ್ರೆ ನನ್ನ ಬೈ, ಕೇಳ್ತೀನಿ."

ರಾಜಶೇಖರ್ ಫೋನನ್ನೇ ನೋಡಿದರು, ಅದರೊಳಗೆ ಎಷ್ಟು ಜನ ಇದ್ದಾರೆ ಎನ್ನುವ ಹಾಗೆ. "ಯಾರನ್ನೂ ಬೈಯಲ್ಲ ತಾಯಿ. ಪಟ್ಟಿ ವಾಪಸ್ ತರಾಕಾಗ್ತೈತಾ ಹೇಳ್ರಿ ಸಾಕು."

"ಆಗಲ್ಲ ಸರ್" ಎಂದಳು ರಮ್ಯಾ. "ನೋಡಾಣ, ಪ್ರಯತ್ನ ಮಾಡಾಣ ಅಂತ ನಿಮ್ಮನ್ನ ಎರಡು ದಿನ ಓಡಾಡಿಸಲ್ಲ. ಅರ್ಜಿ ಕಾಗದ ಅವೆ. ಮತ್ತೆ ಟೈಪ್ ಮಾಡಬೇಕು. ಒಂದೇ ಮಿಷನ್‌ನಾಗೆ ಮೂರು ದಿನ ಆಗಿದ್ದು, ಈಗ ಆರು ಮಿಷನ್ ರೆಡಿ ಅವೆ. ಮಂಜಣ್ಣಾರು ಕಾಲಮ್ಮಿನ ಕ್ರಮ ಒಂದು ಹಾಳೇಲಿ ಬರೀಲಿ, ಎಲ್ಲರೂ ಅದೇ ಕ್ರಮದಾಗೆ ಟೈಪ್ ಮಾಡಲಿ. ಕೊನೆಗೆ ಒಂದಕ್ಕೆ ಸೇರಿಸೋದು ನಾನು ಹೇಳಿಕೊಡ್ತೀನಿ."

"ಯಾರು ಮಾಡೋರು?"

ಮಂಜಣ್ಣ ಕಟ್ಟು ಬಿಚ್ಚಿ ಅರ್ಜಿಗಳನ್ನು ಮೇಜಿನ ಮೇಲೆ ಜೋಡಿಸತೊಡಗಿದರು.

"ಸೋಮವಾರ ಹತ್ತು ಗಂಟಿಗೆ ಪಟ್ಟಿ ಇರಬೇಕು" ಎಂದರು ರಾಜಶೇಖರ್. "ಇಲ್ಲಾಂದ್ರೆ ಚಿತ್ರದುರ್ಗದೋರಿಗೆ ಹೇಳ್ತೀನಿ. ಇದು ಸಿಟ್ಟಲ್ಲಮ್ಮ. ಬಾಗಿಲಾಗೆ ಮುನ್ನೂರು ಜನ ನಿಂತಿರ್ತಾರೆ."

ಮಂಜಣ್ಣ ಆ ರಾತ್ರಿಗೆ ನನ್ನನ್ನು ಹೊಳಲ್ಕೆರೆಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ನಾನು ಯಾರು, ಯಾಕೆ ಬಂದೆ ಎಂದು ಕೇಳುವ ಮೊದಲು ಸ್ನಾನಕ್ಕೆ ಬಿಸಿನೀರು ತೋಡಿದರು. ಮಗಳು ಅನುಷಾ ಬಿ.ಕಾಂ. ಓದುತ್ತಿದ್ದಳು. ಭಾನುವಾರ ಗೆಳತಿಯ ಮನೆಗೆ ಹೋಗಬೇಕಿತ್ತಂತೆ. ಅಪ್ಪ ವಿಷಯ ಹೇಳಿದ ಮೇಲೆ, "ಪಾಸಾದ ಮ್ಯಾಲೆ ಕೆಲಸ ಕೊಡಿ ಅಂದ್ರೆ ಕೊಡಲ್ಲ, ಭಾನುವಾರ ಪುಕ್ಕಟೆ ಕರೀತೀಯ" ಎಂದು ಗೊಣಗಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಯಾರಾಗಿ ನಿಂತಿದ್ದಳು. ಆ ಗೆಳತಿಯನ್ನೂ ಕರೆತಂದಳು.

ಭಾನುವಾರ ಒಂಬತ್ತಕ್ಕೆ ಶುರು ಮಾಡಿದೆವು. ಹುಡುಗಿಯರು ಒಂದೊಂದು ಯಂತ್ರದಲ್ಲಿ ಕೂತರು. ಮಂಜಣ್ಣನವರಿಗೆ ಅರ್ಜಿ ನೋಡಿ ಪರದೆ ನೋಡಿ ಕತ್ತು ತಿರುಗಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಓದಿ ಹೇಳಿದೆ, ಅವರು ತಲೆಯೆತ್ತದೆ ಹೊಡೆದರು. ಒಬ್ಬರ ಕೆಲಸ ಇಬ್ಬರ ಕೆಲಸದಷ್ಟಾಯಿತು. ಹನ್ನೊಂದರ ಹೊತ್ತಿಗೆ ರಾಜಶೇಖರ್ ಬಂದು, ಒಂದು ಕಟ್ಟು ಎತ್ತಿಕೊಂಡು ನಾಲ್ಕನೆಯ ಯಂತ್ರದ ಮುಂದೆ ಕೂತರು. ಒಂದೇ ಬೆರಳಿನಲ್ಲಿ ಹೊಡೆಯುತ್ತಿದ್ದರು.

"ಸರ್, ಒತ್ತಕ್ಷರಕ್ಕೆ ಎಫ್ ಒತ್ತಬೇಕು" ಎಂದಳು ಅನುಷಾ.

"ಗೊತ್ತೈತೆ ಕಣಮ್ಮ" ಎಂದರು. ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಫ್ ಒತ್ತಿದರು.

ಏಳು ಅರ್ಜಿಗಳಲ್ಲಿ ಫೋನ್ ನಂಬರು ಓದಲಾಗುತ್ತಿರಲಿಲ್ಲ. ಮಂಜಣ್ಣ ಊರೂರಿನ ಪರಿಚಯದವರಿಂದ ಅವರ ನಂಬರು ತರಿಸಿದರು, ನಾನು ಒಬ್ಬೊಬ್ಬರಿಗೇ ಫೋನ್ ಮಾಡಿ ಸರಿಯೇ ಎಂದು ಕೇಳಿದೆ. ಸಂಜೆ ನಾಲ್ಕೂವರೆಗೆ ಹೊನ್ನಕ್ಕ ತಾನಾಗಿ ಫೋನ್ ಮಾಡಿ, "ಸೇರಿಸೋ ಹೊತ್ತಾತಾ? ಇವಳು ಎದ್ದಾಳೆ. ಈ ಸಲ ನಾನು ಬಾಯಿ ಹಾಕಲ್ಲ" ಎಂದಳು. ನಾಲ್ಕು ಪಟ್ಟಿಗಳನ್ನು ಒಂದಾಗಿಸಿದಾಗ ಮುನ್ನೂರ ಹದಿನಾಲ್ಕು ಹೆಸರು ಬಂದವು. ಇಬ್ಬರನ್ನು ಎರಡೆರಡು ಸಲ ಹೊಡೆದಿದ್ದು ರಾಜಶೇಖರ್. ಅದನ್ನು ಅವರೇ ಹುಡುಕಿ ಅಳಿಸಿದರು. ರಮ್ಯಾ ಹೇಳಿದಂತೆ ಅದರ ಪ್ರತಿಯನ್ನು ಎರಡು ಪೆನ್‌ಡ್ರೈವುಗಳಲ್ಲಿ ಇಟ್ಟೆವು. ಒಂದನ್ನು ಮಂಜಣ್ಣ ಒಳಜೇಬಿಗೆ ಹಾಕಿಕೊಂಡರು.

ಸೋಮವಾರ ನೋಂದಣಿ ನಡೆಯಿತು.

ಬುಧವಾರ ರಾಜಶೇಖರ್ ಕರಾರಿನ ಕಾಗದ ಕಳಿಸಿದರು. ನಾನದನ್ನು ಆದಿವಾಲಕ್ಕೆ ತೆಗೆದುಕೊಂಡು ಹೋದೆ. ರಮ್ಯಾ ಕೈ ಚಾಚಿದಳು. "ಸಣ್ಣಕ್ಷರ ಓದಂಗಿಲ್ಲ" ಎಂದಳು ಹೊನ್ನಕ್ಕ. ಹಾಗಾಗಿ ನಾನೇ ಓದಿದೆ.

ಒಂದು ವರ್ಷವಲ್ಲ, ಆರು ತಿಂಗಳು. ಹೊಸದುರ್ಗದ ಕಚೇರಿ ಮಾತ್ರ. ಹೊಳಲ್ಕೆರೆ, ಚಿತ್ರದುರ್ಗದ ವಿಷಯ ಆಮೇಲೆ. ಯಾವ ಯಂತ್ರವನ್ನೇ ಆಗಲಿ ಅಳಿಸುವ ಮೊದಲು ಅದನ್ನು ಬಳಸುವವರ ಸಹಿ ಇರಬೇಕು. ಕೆಲಸವನ್ನು ರಮ್ಯಾ ಖುದ್ದಾಗಿ ಮಾಡತಕ್ಕದ್ದು, ಬೇರೆಯವರಿಂದ ಮಾಡಿಸತಕ್ಕದ್ದಲ್ಲ.

ಅಲ್ಲಿಗೆ ನಿಲ್ಲಿಸಿದೆ. ಮುಂದಿನ ವಾರವೇ ಅಲ್ಲಿ ಪ್ರಿಂಟರ್ ಕೂರಿಸಬೇಕಿತ್ತು. ರಮ್ಯಾಳಿಗೆ ಇನ್ನೂ ಹತ್ತೊಂಬತ್ತು ದಿನ ಹೊಸಿಲು ದಾಟುವ ಹಾಗಿರಲಿಲ್ಲ.

"ಮುಗೀತಾ?" ಎಂದಳು.

ಅಂಚಿನಲ್ಲಿ ಪೆನ್ನಿನಿಂದ ಬರೆದ ಒಂದು ಸಾಲಿತ್ತು. ಟೈಪ್ ಮಾಡಿದ್ದಲ್ಲ, ರಾಜಶೇಖರರ ಅಕ್ಷರ. ಬಾಣಂತನ ಮುಗಿಯುವವರೆಗೆ ಶ್ರೀಮತಿ ಪಾರ್ವತಮ್ಮನವರು ಬಂದು ಮಾಡಬಹುದು, ರಮ್ಯಾ ಎಚ್ಚರವಿರುವ ವೇಳೆಯಲ್ಲಿ ಮಾತ್ರ.

ಹೊನ್ನಕ್ಕ ಬೇರೆ ಕಡೆ ತಿರುಗಿ ಮಗುವಿನ ಬಟ್ಟೆ ಮಡಿಸತೊಡಗಿದಳು.

"ಮೂರು ಕಡೇದೂ ಸಿಗತೈತೆ ಅಂದ್ಕಂಡಿದ್ದೆ" ಎಂದಳು ರಮ್ಯಾ. ಮತ್ತೆ ಕೈ ಚಾಚಿದಳು. "ಆರು ತಿಂಗಳು ಕಡಿಮೆ ಏನಲ್ಲ. ಅಷ್ಟರಾಗೆ ಅವರಿಗೆ ನನ್ನ ಕೆಲಸ ಗೊತ್ತಾಗ್ತೈತೆ. ಪೆನ್ನು ಕೊಡಿ."

ತೊಡೆಯ ಮೇಲಿದ್ದ ಮಗುವನ್ನು ನಾನು ಎತ್ತಿಕೊಂಡೆ. ಸಹಿ ಮಾಡಬೇಕಾದ ಜಾಗದಲ್ಲಿ ಹೊನ್ನಕ್ಕ ಬೆರಳಿಟ್ಟು ತೋರಿಸಿದಳು.